ಗುರು ಗ್ರಹದ ಬೆನ್ನಿನಿಂದ ಹಾದರೆ ನೌಕೆಯ ಜವ ಹೆಚ್ಚುವುದೇಕೆ? ಗ್ರಾಫ್ ಹಾಳೆಯ ಮೇಲೆ ನೀವೇ ಬಿಡಿಸಿ ನೋಡುವ ಕ್ರಮ

ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯದಲ್ಲಿ ಪ್ರದರ್ಶನ ನೋಡಿ ಬಂದ ವಿದ್ಯಾರ್ಥಿಗಳಿಂದಲೂ ಉಡುಪಿ, ಮಂಗಳೂರು ಕಡೆಯ ವಿಜ್ಞಾನ ಶಿಕ್ಷಕರಿಂದಲೂ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ನೌಕೆಯೊಂದು ಗ್ರಹದ ಕಡೆಗೆ ಬೀಳುವಾಗ ಅದರ ಜವ ಹೆಚ್ಚುತ್ತದೆ, ಒಪ್ಪಿದೆವು. ಆದರೆ ಗ್ರಹದಿಂದ ದೂರ ಸರಿಯುವಾಗ ಅದೇ ಗುರುತ್ವ ಹಿಂದಕ್ಕೆ ಎಳೆದು ಗಳಿಸಿದ್ದೆಲ್ಲವನ್ನೂ ಕಸಿದುಕೊಳ್ಳಬೇಕಲ್ಲವೇ, ಹಾಗಿದ್ದ ಮೇಲೆ ವಾಯೇಜರ್ ನೌಕೆಗಳು ಇಂಧನವನ್ನೇ ಸುಡದೆ ಅಷ್ಟು ವೇಗ ಪಡೆದದ್ದು ಹೇಗೆ ಎಂಬುದು ಆ ಪ್ರಶ್ನೆ.

ಗ್ರಹವೊಂದರ ಬಳಿ ಹಾದು ಹೀಗೆ ವೇಗ ಬದಲಿಸಿಕೊಳ್ಳುವ ತಂತ್ರಕ್ಕೆ ಗ್ರಾವಿಟಿ ಅಸಿಸ್ಟ್, ಅಂದರೆ ಗುರುತ್ವದ ನೆರವು, ಎಂದು ಹೆಸರು. ಪ್ರಶ್ನೆಯಲ್ಲಿ ತಪ್ಪಿಲ್ಲ. ಇಳಿಯುವಾಗ ಗಳಿಸಿದ್ದು ಏರುವಾಗ ಪೂರ್ತಿಯಾಗಿ ಹೋಗಿಯೇ ಹೋಗುತ್ತದೆ. ಆದರೆ ಆ ಲೆಕ್ಕ ಗ್ರಹದ ಮೇಲೆ ನಿಂತು ನೋಡುವವರ ಲೆಕ್ಕ. ಸೂರ್ಯನ ಬಳಿ ನಿಂತು ನೋಡುವವರ ಲೆಕ್ಕ ಬೇರೆ, ಏಕೆಂದರೆ ಅವರ ಕಣ್ಣಿಗೆ ಗ್ರಹವೂ ಓಡುತ್ತಿರುತ್ತದೆ. ಈ ಎರಡು ನೋಟಗಳನ್ನು ಬೇರೆಬೇರೆಯಾಗಿ ಹಿಡಿದುಕೊಳ್ಳುವುದು ಅಭ್ಯಾಸವಾದರೆ ಉಳಿದದ್ದು ಶಾಲೆಯ ರೇಖಾಗಣಿತ ಮಾತ್ರ. ಓದಿ ಒಪ್ಪಿಕೊಳ್ಳುವುದಕ್ಕಿಂತ ಕೈಯಿಂದ ಬಿಡಿಸಿ ಒಪ್ಪಿಕೊಳ್ಳುವುದು ಗಟ್ಟಿ ಎಂಬ ನಂಬಿಕೆಯಿಂದ ಈ ಲೇಖನವನ್ನು ಹಂತ ಹಂತವಾಗಿ ಬರೆದಿದ್ದೇನೆ.

ಬೇಕಾಗುವ ಸಾಮಗ್ರಿ

ಒಂದು ಎ-4 ಅಳತೆಯ ಗ್ರಾಫ್ ಹಾಳೆ, 30 ಸೆಂಟಿಮೀಟರಿನ ಸ್ಕೇಲು, ಕೋನಮಾಪಕ, ಕೈವಾರ, ಚೂಪಾದ ಪೆನ್ಸಿಲ್ ಮತ್ತು ಸೈನ್ ಲೆಕ್ಕ ಮಾಡಬಲ್ಲ ಕ್ಯಾಲ್ಕ್ಯುಲೇಟರ್. ಮೊಬೈಲಿನ ಕ್ಯಾಲ್ಕ್ಯುಲೇಟರನ್ನು ಅಡ್ಡ ಹಿಡಿದರೆ ಸಾಮಾನ್ಯವಾಗಿ ಸೈನ್ ಗುಂಡಿ ಕಾಣಿಸುತ್ತದೆ. ಅದು ಡಿಗ್ರಿಯಲ್ಲಿದೆಯೇ ರೇಡಿಯನ್‌ನಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ನಮಗೆ ಡಿಗ್ರಿ ಬೇಕು.

ಕೆಲವು ಪದಗಳು ಸ್ಪಷ್ಟವಾಗಿರಲಿ. ನಮ್ಮ ಪಠ್ಯಪುಸ್ತಕಗಳು ಜವ ಮತ್ತು ವೇಗ ಎಂಬ ಎರಡು ಪದಗಳನ್ನು ಬೇರೆಬೇರೆ ಅರ್ಥದಲ್ಲಿ ಬಳಸುತ್ತವೆ. ಎಷ್ಟು ಬಿರುಸು ಎಂಬುದಷ್ಟೇ ಜವ. ಎಷ್ಟು ಬಿರುಸು ಮತ್ತು ಯಾವ ದಿಕ್ಕಿಗೆ ಎಂಬುದೆರಡೂ ಸೇರಿದರೆ ವೇಗ. ಪರೀಕ್ಷೆಯಲ್ಲಿ ಎರಡು ಅಂಕಕ್ಕಾಗಿ ಕಲಿತು ಮರೆತ ಈ ವ್ಯತ್ಯಾಸದ ಮೇಲೆಯೇ ಇಡೀ ತಂತ್ರ ನಿಂತಿದೆ. ಚೌಕಟ್ಟು ಎಂದರೆ ಯಾವುದನ್ನು ನಿಶ್ಚಲವೆಂದು ಇಟ್ಟುಕೊಂಡು ಅಳೆಯುತ್ತೇವೆ ಎಂಬುದು: ಗ್ರಹದ ಚೌಕಟ್ಟಿನಲ್ಲಿ ಗ್ರಹ ನಿಂತಿರುತ್ತದೆ, ಸೂರ್ಯನ ಚೌಕಟ್ಟಿನಲ್ಲಿ ಸೂರ್ಯ ನಿಂತಿರುತ್ತಾನೆ. ನೌಕೆ ಗ್ರಹಕ್ಕೆ ಅತಿ ಹತ್ತಿರ ಬರುವ ಜಾಗವನ್ನು ಸಮೀಪ ಬಿಂದು ಎಂದೂ, ಗ್ರಹದ ಎಳೆತ ಇನ್ನೂ ಲೆಕ್ಕಕ್ಕೆ ಬಾರದಷ್ಟು ದೂರದಲ್ಲಿ ಗ್ರಹದ ಚೌಕಟ್ಟಿನಲ್ಲಿ ಅಳೆದ ನೌಕೆಯ ಜವವನ್ನು ದೂರದ ಜವ ಎಂದೂ ಕರೆಯೋಣ.

ಹಂತ 1: ಮಲ್ಪೆಯ ದೋಣಿಯಲ್ಲಿ ಎರಡು ಚೌಕಟ್ಟು

ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗುವ ದೋಣಿಯನ್ನು ನೆನಪಿಸಿಕೊಳ್ಳಿ. ಅದು ಗಂಟೆಗೆ 20 ಕಿ.ಮೀ. ಜವದಲ್ಲಿ ಪಶ್ಚಿಮಕ್ಕೆ ಸಾಗುತ್ತಿದೆ ಎಂದಿಟ್ಟುಕೊಳ್ಳಿ. ಅದರ ಮೇಲಿರುವ ನೀವು ಗಂಟೆಗೆ 5 ಕಿ.ಮೀ. ನಡಿಗೆಯಲ್ಲಿ ದೋಣಿಯ ಹಿಂಭಾಗದ ಕಡೆಗೆ, ಅಂದರೆ ಪೂರ್ವಕ್ಕೆ, ನಡೆಯುತ್ತಿದ್ದೀರಿ. ದಡದಲ್ಲಿ ನಿಂತವರಿಗೆ ನೀವು 20ರಲ್ಲಿ 5 ಕಳೆದು, ಗಂಟೆಗೆ 15 ಕಿ.ಮೀ. ಜವದಲ್ಲಿ ಪಶ್ಚಿಮಕ್ಕೆ ಹೋಗುತ್ತಿರುವಂತೆ ಕಾಣುತ್ತೀರಿ. ಈಗ ದೋಣಿಯ ಚಾವಣಿಗೆ ಆಧಾರವಾದ ಕಂಬವನ್ನು ಕೈಯಲ್ಲಿ ಹಿಡಿದು, ಮಕ್ಕಳು ಚಾವಡಿಯ ಕಂಬ ಹಿಡಿದು ಗಿರ್ರನೆ ತಿರುಗುವಂತೆ, ಅರ್ಧ ಸುತ್ತು ತಿರುಗಿ ಕೈಬಿಡುತ್ತೀರಿ. ಈಗ ನೀವು ದೋಣಿಯ ಮುಂಭಾಗದ ಕಡೆಗೆ ಅದೇ 5 ಕಿ.ಮೀ. ನಡಿಗೆಯಲ್ಲಿದ್ದೀರಿ. ದೋಣಿಯಲ್ಲಿ ಕುಳಿತವರನ್ನು ಕೇಳಿದರೆ ನಿಮ್ಮ ಜವ ಬದಲಾಗಿಲ್ಲ, ದಿಕ್ಕು ಮಾತ್ರ ಬದಲಾಗಿದೆ ಎನ್ನುತ್ತಾರೆ. ದಡದವರನ್ನು ಕೇಳಿದರೆ 15 ಇದ್ದದ್ದು 25 ಆಯಿತು ಎನ್ನುತ್ತಾರೆ. ಇಬ್ಬರದೂ ಸತ್ಯ.

ದೋಣಿಯೇ ಗ್ರಹ, ದಡವೇ ಸೂರ್ಯ, ಕಂಬವನ್ನು ಹಿಡಿದ ಕೈಯೇ ಗುರುತ್ವ. ಹೆಚ್ಚಿದ 10 ಕಿ.ಮೀ. ಬಂದದ್ದು ದೋಣಿಯಿಂದ, ತಿರುಗುವಾಗ ನೀವು ಕಂಬವನ್ನು ಹಿಂದಕ್ಕೆ ಎಳೆದಿರಿ, ದೋಣಿ ಅಳೆಯಲಾಗದಷ್ಟು ನಿಧಾನವಾಯಿತು. ಮಳೆಗಾಲದಲ್ಲಿ ಕಡಲು ಒರಟಾಗಿ ದೋಣಿ ಲಂಗರು ಹಾಕಿ ನಿಂತಿರುತ್ತದಲ್ಲ, ಆಗ ಅದೇ ಕಂಬ ಹಿಡಿದು ಎಷ್ಟು ತಿರುಗಿದರೂ ದಡದವರ ಲೆಕ್ಕದಲ್ಲೂ 5 ಇದ್ದದ್ದು 5 ಆಗಿಯೇ ಉಳಿಯುತ್ತದೆ. ಸೌರವ್ಯೂಹದೊಳಗಿನ ಪ್ರಯಾಣಕ್ಕೆ ಸೂರ್ಯನೇ ಇಂತಹ ನೆರವು ನೀಡಲಾರ ಎನ್ನುವುದು ಇದೇ ಕಾರಣಕ್ಕೆ: ನಮ್ಮ ಲೆಕ್ಕದಲ್ಲಿ ಅವನು ಲಂಗರು ಹಾಕಿದ ದೋಣಿ.

ಎಚ್ಚರಿಕೆ: ಗ್ರಹ ತನ್ನ ಅಕ್ಷದ ಮೇಲೆ ಗಿರಗಿರನೆ ತಿರುಗುವುದರಿಂದ ನೌಕೆಗೆ ವೇಗ ಸಿಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಗ್ರಹದ ದೈನಂದಿನ ತಿರುಗುವಿಕೆಗೂ ಇದಕ್ಕೂ ಸಂಬಂಧವಿಲ್ಲ. ಲೆಕ್ಕಕ್ಕೆ ಬರುವುದು ಸೂರ್ಯನ ಸುತ್ತ ಅದು ಓಡುವ ಓಟ ಮಾತ್ರ.

ಹಂತ 2: ನೌಕೆಯನ್ನು ಗುರುವಿನ ಬಾಗಿಲಿಗೆ ತನ್ನಿ

ಭೂಮಿಯಿಂದ ಗುರುವಿಗೆ ಅತಿ ಕಡಿಮೆ ಇಂಧನದಲ್ಲಿ ಹೋಗುವ ದಾರಿ ಒಂದು ಅರ್ಧ ದೀರ್ಘವೃತ್ತ. ಅದರ ಒಂದು ತುದಿ ಭೂಮಿಯ ಕಕ್ಷೆಯನ್ನು, ಇನ್ನೊಂದು ತುದಿ ಗುರುವಿನ ಕಕ್ಷೆಯನ್ನು ಮುಟ್ಟುತ್ತದೆ. ಈ ದಾರಿಗೆ ಹೋಮನ್ ಪಥ ಎಂದು ಹೆಸರು; ಪ್ರಯಾಣಕ್ಕೆ ಸುಮಾರು ಎರಡೂಮುಕ್ಕಾಲು ವರ್ಷ ಬೇಕು. ಹೊರಡುವಾಗ ಸೆಕೆಂಡಿಗೆ ಸುಮಾರು 38.6 ಕಿ.ಮೀ. ಇದ್ದ ನೌಕೆಯ ಜವ, ಸೂರ್ಯನ ಎಳೆತದ ವಿರುದ್ಧ ಏರುತ್ತ ಏರುತ್ತ ಗುರುವಿನ ಕಕ್ಷೆಯನ್ನು ಮುಟ್ಟುವ ಹೊತ್ತಿಗೆ ಸೆಕೆಂಡಿಗೆ 7.4 ಕಿ.ಮೀ.ಗೆ ಇಳಿದಿರುತ್ತದೆ. ಗುರುವಾದರೋ ಸೆಕೆಂಡಿಗೆ 13.1 ಕಿ.ಮೀ. ಜವದಲ್ಲಿ ಅದೇ ದಿಕ್ಕಿನಲ್ಲಿ ಓಡುತ್ತಿದೆ.

ಇಲ್ಲಿ ಒಂದು ಕ್ಷಣ ನಿಲ್ಲಿ. ನೌಕೆ ಗುರುವನ್ನು ಹಿಡಿಯುತ್ತಿಲ್ಲ, ಗುರುವೇ ಹಿಂದಿನಿಂದ ಬಂದು ನೌಕೆಯನ್ನು ಹಿಡಿಯುತ್ತಿದೆ. ಗುರುವಿನ ಮೇಲೆ ನಿಂತು ನೋಡಿದರೆ ನೌಕೆ ಎದುರುಗಡೆಯಿಂದ ಸೆಕೆಂಡಿಗೆ 5.7 ಕಿ.ಮೀ. ಜವದಲ್ಲಿ ಬರುತ್ತಿರುತ್ತದೆ. ದೋಣಿಯ ಹಿಂಭಾಗಕ್ಕೆ ನಡೆಯುತ್ತಿದ್ದ ನಿಮ್ಮ ಸ್ಥಿತಿಯೇ ಅದರದ್ದು. ನೌಕೆಗಳ ಚಿತ್ರ ಬಿಡಿಸುವವರು ಬಹಳ ಮಂದಿ ಎಡವುವುದು ಈ ಜಾಗದಲ್ಲಿ. ನೌಕೆ ಗ್ರಹವನ್ನು ಬೆನ್ನಟ್ಟಿ ಹೋಗುತ್ತದೆ ಎಂದೇ ಊಹಿಸಿ ಬಾಣವನ್ನು ತಿರುವುಮುರುವು ಹಾಕುತ್ತಾರೆ.

ಹಂತ 3: ವೃತ್ತ ಎಳೆಯಿರಿ

ಗ್ರಾಫ್ ಹಾಳೆಯನ್ನು ಅಡ್ಡಲಾಗಿ ಇಟ್ಟು, ಎಡತುದಿಯ ಬಳಿ, ಎತ್ತರದ ನಡುಮಧ್ಯದಲ್ಲಿ, 'ಸೂ' ಎಂಬ ಬಿಂದುವನ್ನು ಗುರುತಿಸಿ. ಸೆಕೆಂಡಿಗೆ 1 ಕಿ.ಮೀ. ಎಂದರೆ 1 ಸೆಂಟಿಮೀಟರ್ ಎಂಬ ಅಳತೆ ಇರಲಿ. 'ಸೂ'ವಿನಿಂದ ಬಲಕ್ಕೆ 13.1 ಸೆಂ.ಮೀ. ದೂರದಲ್ಲಿ 'ಗು' ಎಂಬ ಬಿಂದುವನ್ನು ಇಟ್ಟು ಗೆರೆ ಎಳೆಯಿರಿ; ಇದು ಗುರುವಿನ ವೇಗ. ಅದೇ ಗೆರೆಯ ಮೇಲೆ 'ಸೂ'ವಿನಿಂದ 7.4 ಸೆಂ.ಮೀ. ದೂರದಲ್ಲಿ 'ನೌ' ಎಂದು ಗುರುತಿಸಿ. ಇದು ಸೂರ್ಯನ ಚೌಕಟ್ಟಿನಲ್ಲಿ ನೌಕೆಯ ವೇಗ. 'ಗು'ವಿನಿಂದ 'ನೌ'ವಿಗೆ ಎಡಕ್ಕೆ 5.7 ಸೆಂ.ಮೀ. ಇರುತ್ತದೆ, ಇದು ಗುರುವಿನ ಚೌಕಟ್ಟಿನಲ್ಲಿ ನೌಕೆಯ ವೇಗ.

ಈಗ ಕೈವಾರದ ಮುಳ್ಳನ್ನು 'ಗು'ವಿನಲ್ಲಿ ಊರಿ, 5.7 ಸೆಂ.ಮೀ. ತ್ರಿಜ್ಯದ ವೃತ್ತವನ್ನು ಎಳೆಯಿರಿ. ಈ ಲೇಖನದ ತಿರುಳೆಲ್ಲ ಈ ವೃತ್ತದಲ್ಲಿದೆ. ಗುರುವಿನ ಚೌಕಟ್ಟಿನಲ್ಲಿ ನೌಕೆಯ ದೂರದ ಜವ ಬರುವಾಗಲೂ ಹೋಗುವಾಗಲೂ 5.7 ಆಗಿಯೇ ಇರಬೇಕಾದ್ದರಿಂದ, ಗುರುವಿನ ಸಂಗ ಮುಗಿಸಿ ಹೊರಡುವ ನೌಕೆಯ ವೇಗ ಈ ವೃತ್ತದ ಪರಿಧಿಯ ಮೇಲಿನ ಯಾವುದಾದರೊಂದು ಬಿಂದುವೇ ಆಗಿರಬೇಕು, ಅದರಿಂದ ಹೊರಗೆ ಹೋಗಲು ಗುರುತ್ವಕ್ಕೆ ಸಾಧ್ಯವಿಲ್ಲ. ಸೂರ್ಯನ ಚೌಕಟ್ಟಿನ ಜವ ಬೇಕೆಂದರೆ 'ಸೂ'ವಿನಿಂದ ಆ ಬಿಂದುವಿಗೆ ಸ್ಕೇಲು ಹಿಡಿದು ಅಳೆದರಾಯಿತು. ವೃತ್ತದ ಎಡತುದಿ 7.4 ಸೆಂ.ಮೀ. ದೂರದಲ್ಲಿದೆ, ಬಲತುದಿ 18.8 ಸೆಂ.ಮೀ. ದೂರದಲ್ಲಿದೆ. ನಮ್ಮ ನೌಕೆ ಇರುವುದು ಎಡತುದಿಯಲ್ಲಿ, ಆದ್ದರಿಂದ ಎತ್ತ ತಿರುಗಿದರೂ ಲಾಭವೇ.

ಹಂತ 4: ಎಷ್ಟು ಡಿಗ್ರಿ ತಿರುಗುತ್ತದೆ?

ಗ್ರಹವನ್ನು ಹಾಯುವಾಗ ನೌಕೆಯ ದಾರಿ ಅತಿಪರವಲಯದ ಆಕಾರದಲ್ಲಿರುತ್ತದೆ. ಅದು ದೀರ್ಘವೃತ್ತದಂತೆ ಮುಚ್ಚಿಕೊಳ್ಳದೆ, ಒಂದು ಕಡೆಯಿಂದ ಬಂದು ಬಾಗಿ ಇನ್ನೊಂದು ಕಡೆಗೆ ಹೊರಟುಹೋಗುವ ರೇಖೆ. ಎಷ್ಟು ಬಾಗುತ್ತದೆ ಎಂಬುದನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆ: ಗ್ರಹದ ಗುರುತ್ವ ಎಷ್ಟು ಬಲವಾದದ್ದು, ಸಮೀಪ ಬಿಂದು ಗ್ರಹದ ಕೇಂದ್ರದಿಂದ ಎಷ್ಟು ದೂರ, ದೂರದ ಜವ ಎಷ್ಟು.

ಗುರುತ್ವದ ಬಲವನ್ನು ಹೇಳಲು ಲೆಕ್ಕಿಗರು ಗ್ರಹದ ರಾಶಿಯನ್ನು ಗುರುತ್ವ ಸ್ಥಿರಾಂಕದಿಂದ ಗುಣಿಸಿದ ಒಂದು ಸಂಖ್ಯೆಯನ್ನು ಬಳಸುತ್ತಾರೆ. ಕಿಲೋಮೀಟರ್ ಮತ್ತು ಸೆಕೆಂಡುಗಳಲ್ಲಿ ಅದು ಗುರುವಿಗೆ 12.67 ಕೋಟಿ, ಭೂಮಿಗೆ 3.986 ಲಕ್ಷ, ಶುಕ್ರಕ್ಕೆ 3.249 ಲಕ್ಷ, ಮಂಗಳಕ್ಕೆ 42,828. ಇದನ್ನು ಗುರುತ್ವಾಂಕ ಎನ್ನೋಣ.

ಲೆಕ್ಕದ ಕ್ರಮ ಹೀಗೆ. ಸಮೀಪ ಬಿಂದುವಿನ ದೂರವನ್ನು ದೂರದ ಜವದ ವರ್ಗದಿಂದ ಗುಣಿಸಿ, ಗುರುತ್ವಾಂಕದಿಂದ ಭಾಗಿಸಿ. ಬಂದದ್ದಕ್ಕೆ 1 ಕೂಡಿಸಿ. ಆ ಮೊತ್ತದಿಂದ 1ನ್ನು ಭಾಗಿಸಿ. ಈಗ ಸಿಕ್ಕಿದ್ದು ತಿರುವಿನ ಕೋನದ ಅರ್ಧದ ಸೈನ್. ವಿಲೋಮ ಸೈನ್ ಗುಂಡಿ ಒತ್ತಿ ಕೋನ ಪಡೆದು, ಎರಡರಿಂದ ಗುಣಿಸಿ.

ನಮ್ಮ ನೌಕೆ ಗುರುವಿನ ಕೇಂದ್ರದಿಂದ 7,15,000 ಕಿ.ಮೀ. ದೂರದಲ್ಲಿ, ಅಂದರೆ ಗುರುವಿನ ತ್ರಿಜ್ಯದ ಹತ್ತು ಪಟ್ಟು ದೂರದಲ್ಲಿ, ಹಾಯಲಿ. 5.7ರ ವರ್ಗ ಸುಮಾರು 32.5. ಗುಣಿಸಿ ಭಾಗಿಸಿದರೆ 0.183 ಬರುತ್ತದೆ. 1 ಕೂಡಿಸಿ ತಲೆಕೆಳಗು ಮಾಡಿದರೆ 0.845. ಅದರ ಕೋನ 57.7 ಡಿಗ್ರಿ, ಎರಡು ಪಟ್ಟು ಎಂದರೆ ಸುಮಾರು 115 ಡಿಗ್ರಿ. ಹತ್ತು ತ್ರಿಜ್ಯಗಳಷ್ಟು ದೂರದಿಂದಲೇ ಗುರು ಒಂದು ನೌಕೆಯನ್ನು ಲಂಬಕೋನಕ್ಕಿಂತ ಹೆಚ್ಚು ತಿರುಗಿಸಿಬಿಡುತ್ತದೆ.

ಎಚ್ಚರಿಕೆ: ಸಮೀಪ ಬಿಂದುವಿನ ದೂರವನ್ನು ಗ್ರಹದ ಮೇಲ್ಮೈಯಿಂದ ಅಳೆದು ಹಾಕಬೇಡಿ, ಕೇಂದ್ರದಿಂದಲೇ ಅಳೆಯಬೇಕು. ಏಕಮಾನಗಳನ್ನೂ ಬೆರೆಸಬೇಡಿ. ಮಂಗಳದ ಕಕ್ಷೆ ಸೇರಬೇಕಿದ್ದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1999ರಲ್ಲಿ ಕಳೆದುಹೋದದ್ದು, ಒಂದು ಕಡೆಯ ಲೆಕ್ಕ ಪೌಂಡಿನಲ್ಲಿಯೂ ಇನ್ನೊಂದು ಕಡೆಯ ಲೆಕ್ಕ ನ್ಯೂಟನ್‌ನಲ್ಲಿಯೂ ಇದ್ದುದರಿಂದ.

ಹಂತ 5: ಹೊರಡುವ ವೇಗವನ್ನು ಬಿಡಿಸಿ ಅಳೆಯಿರಿ

ಕೋನಮಾಪಕದ ಕೇಂದ್ರವನ್ನು 'ಗು'ವಿನ ಮೇಲಿಟ್ಟು, 'ಗು'ವಿನಿಂದ 'ನೌ'ವಿಗೆ ಹೋಗುವ ಗೆರೆಯಿಂದ ಆರಂಭಿಸಿ 115 ಡಿಗ್ರಿ ತಿರುಗಿಸಿ. ಹಾಳೆಯ ಮೇಲ್ಬದಿಯನ್ನು ಸೂರ್ಯನಿಂದ ಹೊರಗಿನ ದಿಕ್ಕು ಎಂದುಕೊಂಡು ಮೇಲಕ್ಕೇ ತಿರುಗಿಸಿ. ವೃತ್ತವನ್ನು ಆ ಗೆರೆ ಮುಟ್ಟುವ ಜಾಗವನ್ನು 'ಹೊ' ಎಂದು ಗುರುತಿಸಿ. 'ಸೂ'ವಿನಿಂದ 'ಹೊ'ವರೆಗೆ ಅಳೆಯಿರಿ. ಪೆನ್ಸಿಲ್ ಚೂಪಾಗಿದ್ದರೆ 16.3 ಸೆಂ.ಮೀ.ಗೆ ಕೂದಲೆಳೆಯಷ್ಟು ಆಚೀಚೆ ಬರುತ್ತದೆ, ಮತ್ತು ಆ ಗೆರೆ ಗುರುವಿನ ಓಟದ ದಿಕ್ಕಿನಿಂದ ಸುಮಾರು 18 ಡಿಗ್ರಿ ಹೊರಕ್ಕೆ ವಾಲಿರುತ್ತದೆ.

ಸೆಕೆಂಡಿಗೆ 7.4 ಕಿ.ಮೀ. ಇದ್ದದ್ದು 16.3 ಆಯಿತು. ಎಂಜಿನ್ ಹೊತ್ತಿಸಲಿಲ್ಲ. ಗುರುವಿನ ಕಕ್ಷೆಯವರೆಗೆ ಬಂದು ಹಿಂದಕ್ಕೆ ಬೀಳಬೇಕಿದ್ದ ನೌಕೆ ಈ ಹೊಸ ವೇಗದಲ್ಲಿ ಸೂರ್ಯನಿಂದ ಸುಮಾರು 290 ಕೋಟಿ ಕಿ.ಮೀ.ವರೆಗೆ, ಅಂದರೆ ಯುರೇನಸ್ ಇರುವಷ್ಟು ದೂರದವರೆಗೆ, ಏರಬಲ್ಲದು. ಹಾಳೆಯ ಮೇಲೆ ಒಂದು ಗೆರೆಯನ್ನು ತಿರುಗಿಸಿದ್ದಕ್ಕೆ ದಾರಿ ಇಷ್ಟು ಉದ್ದವಾಗುವುದನ್ನು ನೋಡಿದಾಗ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಇನ್ನೊಂದು ಗೆರೆ ಎಳೆಯುವ ಆಸೆಯಿದ್ದರೆ, 'ಸೂ'ವಿನಲ್ಲಿ ಕೈವಾರ ಊರಿ 18.5 ಸೆಂ.ಮೀ. ತ್ರಿಜ್ಯದ ಚಾಪವೊಂದನ್ನು ಎಳೆಯಿರಿ. ಶಾಲೆಯ ಕೈವಾರ ಅಷ್ಟು ಅಗಲ ಬಾಯಿ ತೆರೆಯದಿದ್ದರೆ ದಾರ ಮತ್ತು ಪೆನ್ಸಿಲ್ ಸಾಕು. ಗುರುವಿನ ದೂರದಲ್ಲಿ ಸೂರ್ಯನ ಹಿಡಿತದಿಂದ ಶಾಶ್ವತವಾಗಿ ಬಿಡಿಸಿಕೊಳ್ಳಲು ಬೇಕಾದ ಜವ ಇದು. ನಮ್ಮ ವೃತ್ತದ ಬಲತುದಿ ಮಾತ್ರ ಈ ಚಾಪವನ್ನು ಚೂರು ದಾಟುತ್ತದೆ. ಆದ್ದರಿಂದ ಹೋಮನ್ ಪಥದಲ್ಲಿ ಬಂದ ನೌಕೆಗೆ ಸೌರವ್ಯೂಹದಿಂದ ಹೊರಬೀಳುವುದು ಕಷ್ಟಸಾಧ್ಯ. ವಾಯೇಜರ್‌ಗಳು ಇನ್ನೂ ಬಿರುಸಿನ ದಾರಿಯಲ್ಲಿ, ಎರಡು ವರ್ಷದೊಳಗೆ ಗುರುವನ್ನು ತಲಪಿದ್ದರಿಂದ ಅವುಗಳ ವೃತ್ತ ದೊಡ್ಡದಿತ್ತು.

ಹಂತ 6: ಶಕ್ತಿಯ ಲೆಕ್ಕ ಒಪ್ಪಿಸಿ

ನೌಕೆಗೆ ಬಂದ ಶಕ್ತಿ ಗುರುವಿನ ಓಟದಿಂದ ಬಂದದ್ದು. ಎಷ್ಟು ಕಡಿಮೆಯಾಯಿತು ಎಂದು ನೋಡೋಣ. ಸಂವೇಗ ಎಂದರೆ ರಾಶಿಯನ್ನು ವೇಗದಿಂದ ಗುಣಿಸಿದ್ದು. ನೌಕೆ ಗಳಿಸಿದಷ್ಟು ಸಂವೇಗವನ್ನು ಗುರು ಕಳೆದುಕೊಳ್ಳಬೇಕು. ಗುರುವಿನ ಓಟದ ದಿಕ್ಕಿನಲ್ಲಿ ನಮ್ಮ ನೌಕೆ ಗಳಿಸಿದ್ದು ಸೆಕೆಂಡಿಗೆ ಸುಮಾರು 8.1 ಕಿ.ಮೀ. ನೌಕೆಯ ತೂಕ 1,000 ಕಿಲೋಗ್ರಾಂ ಎಂದುಕೊಂಡರೆ, ಗುರುವಿನ ಜವ ಸೆಕೆಂಡಿಗೆ ಎಷ್ಟು ಮೀಟರ್ ಕಡಿಮೆಯಾಯಿತು ಎಂಬುದನ್ನು ಬರೆಯಲು ದಶಮಾಂಶ ಬಿಂದುವಿನ ನಂತರ 20 ಸೊನ್ನೆಗಳನ್ನು ಹಾಕಿ ಆಮೇಲೆ 4 ಎಂದು ಬರೆಯಬೇಕು. ಸರಳ ಲೆಕ್ಕದಲ್ಲಿ, ನೂರು ಕೋಟಿ ವರ್ಷ ಓಡಿದರೂ ಗುರು ಹಿಂದೆ ಬೀಳುವುದು ಒಂದು ಮಿಲಿಮೀಟರಿನ ಏಳೆಂಟನೇ ಒಂದು ಭಾಗ. ಗ್ರಹಗಳು ಸವೆದುಹೋಗುತ್ತವೆಯೇ ಎಂದು ಕೇಳುವವರಿಗೆ ಇದಕ್ಕಿಂತ ನೆಮ್ಮದಿಯ ಉತ್ತರವಿಲ್ಲ.

ಇಲ್ಲಿಯೇ ಒಂದು ಗೊಂದಲವನ್ನೂ ಬಿಡಿಸಬೇಕು. ಮಂಗಳಯಾನ ಮತ್ತು ಚಂದ್ರಯಾನ-3 ಭೂಮಿಯನ್ನು ಸುತ್ತಿ ಸುತ್ತಿ ವೇಗ ಪಡೆದವಲ್ಲ, ಅದೂ ಗ್ರಾವಿಟಿ ಅಸಿಸ್ಟ್ ಅಲ್ಲವೇ ಎಂದು ಕೇಳುತ್ತಾರೆ. ಅಲ್ಲ. 2013ರ ನವೆಂಬರ್ 5ರಂದು ಹೊರಟ ಮಂಗಳಯಾನ ಭೂಮಿಗೆ ಹತ್ತಿರ ಬಂದಾಗಲೆಲ್ಲ ತನ್ನ ಎಂಜಿನ್ ಹೊತ್ತಿಸಿ ಕಕ್ಷೆಯನ್ನು ಹಿಗ್ಗಿಸಿಕೊಳ್ಳುತ್ತ ಹೋಗಿ, ಡಿಸೆಂಬರ್ 1ರಂದು ಭೂಮಿಯನ್ನು ಬಿಟ್ಟಿತು. ಅಲ್ಲಿ ದುಡಿದದ್ದು ಅದರದೇ ಇಂಧನ. ಎಂಜಿನ್ ಹೊತ್ತಿಸದೆ ಎಷ್ಟು ಸುತ್ತು ಹಾಕಿದರೂ ಅದು ಅದೇ ಕಕ್ಷೆಯಲ್ಲಿ ಉಳಿಯುತ್ತಿತ್ತು.

ಆದರೆ ಭೂಮಿಗೆ ಹತ್ತಿರ ಬಂದಾಗಲೇ ಹೊತ್ತಿಸಿದ್ದೇಕೆ ಎಂಬುದರಲ್ಲಿ ಒಂದು ಒಳ್ಳೆಯ ಪಾಠವಿದೆ. ಅದಕ್ಕೆ ಓಬರ್ತ್ ಪರಿಣಾಮ ಎನ್ನುತ್ತಾರೆ. ಚಲನ ಶಕ್ತಿ ಜವದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಜವ ಹೆಚ್ಚಿರುವಾಗ ಕೂಡಿಸಿದ ಅಷ್ಟೇ ವೇಗ ಹೆಚ್ಚು ಶಕ್ತಿಯನ್ನು ತರುತ್ತದೆ. ನಮ್ಮ ಗುರು ಯಾನದಲ್ಲಿ ಸಮೀಪ ಬಿಂದುವಿನಲ್ಲಿ ನೌಕೆಯ ಜವ ಸೆಕೆಂಡಿಗೆ 19.7 ಕಿ.ಮೀ. ಆಗಿರುತ್ತದೆ. ಸರಿಯಾಗಿ ಅಲ್ಲಿ ಎಂಜಿನ್ ಹೊತ್ತಿಸಿ ಸೆಕೆಂಡಿಗೆ 100 ಮೀಟರ್ ಮಾತ್ರ ಕೂಡಿಸಿದರೆ, ಹೊರಡುವ ದೂರದ ಜವ 5.7ರಿಂದ 6.04 ಕಿ.ಮೀ.ಗೆ ಏರುತ್ತದೆ, 100 ಮೀಟರ್ ಹಾಕಿ 340 ಮೀಟರ್ ಪಡೆದಂತಾಯಿತು. ಆಗ ನಮ್ಮ ವೃತ್ತವೇ ಹಿಗ್ಗುತ್ತದೆ. ಗುರುತ್ವ ವೃತ್ತದ ಮೇಲೆ ತಿರುಗಿಸುತ್ತದೆ, ಎಂಜಿನ್ ವೃತ್ತವನ್ನು ಹಿಗ್ಗಿಸುತ್ತದೆ ಎಂದು ನೆನಪಿಟ್ಟುಕೊಂಡರೆ ಇವೆರಡೂ ಬೆರೆತುಹೋಗುವುದಿಲ್ಲ.

ಹಂತ 7: ಅದೇ ಚಿತ್ರದಲ್ಲಿ ಜವ ಇಳಿಸಿ

ಬಾಣಗಳನ್ನು ಹಿಂದುಮುಂದಾಗಿ ಓದಿ. ಸೆಕೆಂಡಿಗೆ 16.3 ಕಿ.ಮೀ. ಜವದಲ್ಲಿ 'ಹೊ' ಬಿಂದುವಿನ ವೇಗದೊಡನೆ ಬಂದ ನೌಕೆಯನ್ನು 115 ಡಿಗ್ರಿ ಮರಳಿ ತಿರುಗಿಸಿದರೆ ಅದು 'ನೌ' ಬಿಂದುವಿಗೆ, 7.4ಕ್ಕೆ, ಇಳಿಯುತ್ತದೆ. ಹೆಚ್ಚಿಸಬೇಕೇ ಇಳಿಸಬೇಕೇ ಎಂಬುದನ್ನು ನಿರ್ಧರಿಸುವುದು ಗ್ರಹದ ಯಾವ ಮಗ್ಗುಲಿನಿಂದ ಹಾಯುತ್ತೀರಿ ಎಂಬುದು: ಗ್ರಹದ ಓಟದ ಹಿಂದಿನಿಂದ ಹಾದರೆ ಅದು ನೌಕೆಯನ್ನು ತನ್ನ ಜೊತೆ ಮುಂದಕ್ಕೆ ಎಳೆಯುತ್ತದೆ, ಮುಂದಿನಿಂದ ಹಾದರೆ ಹಿಂದಕ್ಕೆ ಎಳೆದು ನಿಧಾನಗೊಳಿಸುತ್ತದೆ.

ನಿಧಾನಗೊಳಿಸುವುದರಿಂದ ಏನು ಪ್ರಯೋಜನ ಎನ್ನಬೇಡಿ. ಸೂರ್ಯನ ಬಳಿಗೆ ಹೋಗುವುದು ಸೌರವ್ಯೂಹದಿಂದ ಹೊರಹೋಗುವುದಕ್ಕಿಂತ ಕಷ್ಟದ ಕೆಲಸ, ಏಕೆಂದರೆ ಹುಟ್ಟಿನಿಂದಲೇ ನೌಕೆಗೆ ಬಂದಿರುವ ಭೂಮಿಯ ಓಟ, ಸೆಕೆಂಡಿಗೆ ಸುಮಾರು 30 ಕಿ.ಮೀ., ಅದನ್ನು ಒಳಗೆ ಬೀಳಲು ಬಿಡುವುದಿಲ್ಲ. 2018ರ ಆಗಸ್ಟ್ 12ರಂದು ಹೊರಟ ಪಾರ್ಕರ್ ಸೋಲಾರ್ ಪ್ರೋಬ್ ಶುಕ್ರ ಗ್ರಹವನ್ನು ಏಳು ಬಾರಿ ಹಾದು, ಪ್ರತಿ ಬಾರಿಯೂ ತನ್ನ ಓಟದ ಒಂದಂಶವನ್ನು ಶುಕ್ರಕ್ಕೆ ಒಪ್ಪಿಸಿ, 2024ರ ಡಿಸೆಂಬರ್ 24ರಂದು ಸೂರ್ಯನ ಮೇಲ್ಮೈಯಿಂದ ಸುಮಾರು 61 ಲಕ್ಷ ಕಿ.ಮೀ. ಸನಿಹಕ್ಕೆ ಹೋಯಿತು. ಇನ್ನೊಂದು ಗ್ರಹವನ್ನು ತಲಪಲು ಗ್ರಹವೊಂದರ ನೆರವನ್ನು ಮೊದಲು ಪಡೆದ ಮರಿನರ್-10 ಸಹ 1974ರ ಫೆಬ್ರವರಿಯಲ್ಲಿ ಶುಕ್ರವನ್ನು ಹಾದೇ ಮಾರ್ಚ್‌ನಲ್ಲಿ ಬುಧನನ್ನು ಸೇರಿದ್ದು.

ನಮ್ಮ ವೃತ್ತ ನಿಜವಾಗಿ ಒಂದು ಗೋಳ. ಹಾಳೆಯ ಸಮತಲದಿಂದ ಮೇಲಕ್ಕೋ ಕೆಳಕ್ಕೋ ತಿರುಗಿಸಲೂ ಬರುತ್ತದೆ. ಯೂಲಿಸಿಸ್ ನೌಕೆ ಗ್ರಹಗಳೆಲ್ಲ ಓಡುವ ಸಮತಲವನ್ನು ಬಿಟ್ಟು ಸೂರ್ಯನ ಧ್ರುವಗಳ ಮೇಲೆ ಹಾಯಲು ಸಾಧ್ಯವಾದದ್ದು 1992ರ ಫೆಬ್ರವರಿ 8ರಂದು ಗುರು ಅದನ್ನು ಹೀಗೆ ಸಮತಲದಿಂದ ಕೆಳಕ್ಕೆ, ದಕ್ಷಿಣದ ಕಡೆಗೆ, ಎಸೆದುದರಿಂದ. ಅಂತಹ ತಿರುವಿಗೆ ಬೇಕಾಗುವಷ್ಟು ಇಂಧನವನ್ನು ಹೊರಬಲ್ಲ ರಾಕೆಟ್ ಇರಲಿಲ್ಲ.

ಹಂತ 8: ಬೇರೆ ಗ್ರಹಗಳಲ್ಲಿ ಪ್ರಯತ್ನಿಸಿ

ಹಂತ 4ರ ಲೆಕ್ಕವನ್ನು ಅದೇ 5.7 ಕಿ.ಮೀ. ದೂರದ ಜವಕ್ಕೆ, ಮೇಲ್ಮೈಯಿಂದ 300 ಕಿ.ಮೀ. ಎತ್ತರದಲ್ಲಿ ಹಾಯುವಂತೆ, ಒಳಗಿನ ಗ್ರಹಗಳಿಗೆ ಮಾಡಿ ನೋಡಿ. ತ್ರಿಜ್ಯಗಳು ಭೂಮಿಗೆ 6,378, ಶುಕ್ರಕ್ಕೆ 6,052, ಮಂಗಳಕ್ಕೆ 3,396 ಕಿ.ಮೀ. ಭೂಮಿ ಸುಮಾರು 81 ಡಿಗ್ರಿ, ಶುಕ್ರ 75 ಡಿಗ್ರಿ ತಿರುಗಿಸುತ್ತವೆ, ಮಂಗಳ 30 ಡಿಗ್ರಿ ಮಾತ್ರ. ಇನ್ನೂ ಹತ್ತಿರ ಹೋದರೆ ಹೆಚ್ಚು ತಿರುಗುತ್ತದೆ, ಆದರೆ ವಾತಾವರಣ ಮತ್ತು ನೆಲ ಅಡ್ಡ ಬರುತ್ತವೆ. ಬಿರುಸಾಗಿ ಬಂದ ನೌಕೆ ಕಡಿಮೆ ತಿರುಗುತ್ತದೆ ಎಂಬುದನ್ನೂ ಜವ ಹೆಚ್ಚಿಸಿ ಲೆಕ್ಕ ಮಾಡಿದರೆ ಕಾಣುವಿರಿ.

ದೂರದ ಗ್ರಹಗಳಿಗೆ ಹೋಗುವ ಭಾರವಾದ ನೌಕೆಗಳು ಮೊದಲು ಒಳಕ್ಕೆ, ಶುಕ್ರದ ಕಡೆಗೆ, ಹೊರಡುವ ವಿಚಿತ್ರ ಇದರಿಂದ ಅರ್ಥವಾಗುತ್ತದೆ. 5.5 ಟನ್‌ಗೂ ಹೆಚ್ಚು ಭಾರದ ಕ್ಯಾಸಿನಿ 1997ರ ಅಕ್ಟೋಬರ್ 15ರಂದು ಹೊರಟು, 1998 ಮತ್ತು 1999ರಲ್ಲಿ ಶುಕ್ರವನ್ನು ಎರಡು ಬಾರಿ, 1999ರ ಆಗಸ್ಟ್ 18ರಂದು ಭೂಮಿಯನ್ನು 1,171 ಕಿ.ಮೀ. ಎತ್ತರದಲ್ಲಿ, 2000ದ ಡಿಸೆಂಬರ್ 30ರಂದು ಗುರುವನ್ನು ಹಾದು, 2004ರ ಜುಲೈ 1ರಂದು ಶನಿಯ ಕಕ್ಷೆ ಸೇರಿತು. ದಾರಿ ಸುತ್ತು, ಆದರೆ ನೇರವಾಗಿ ಕಳುಹಿಸುವಷ್ಟು ಬಲದ ರಾಕೆಟ್ ಇಲ್ಲದಾಗ ಸುತ್ತು ದಾರಿಯೇ ದಾರಿ.

ಹಂತ 9: ಸಮಯ ಮತ್ತು ಗುರಿ

ಹಾಳೆಯ ಮೇಲೆ ನಾವು ಗ್ರಹವನ್ನು ಬೇಕಾದಲ್ಲಿ ಇಟ್ಟೆವು. ನಿಜದಲ್ಲಿ ನೌಕೆ ಹೊರಡುವ ದಿಕ್ಕಿನಲ್ಲಿ ಮುಂದಿನ ಗ್ರಹ ಸರಿಯಾದ ದಿನ ಬಂದು ನಿಂತಿರಬೇಕು. 1961ರಲ್ಲಿ ಮೈಕೇಲ್ ಮಿನೋವಿಚ್ ಇಂತಹ ಪಥಗಳನ್ನು ಲೆಕ್ಕ ಹಾಕಲು ತೊಡಗಿದರು. 1965ರಲ್ಲಿ ಗ್ಯಾರಿ ಫ್ಲಾಂಡ್ರೊ ಅವರು ಗುರು, ಶನಿ, ಯುರೇನಸ್, ನೆಪ್ಚೂನ್ ನಾಲ್ಕನ್ನೂ ಒಂದೇ ನೌಕೆ ಮುಟ್ಟಬಹುದಾದ ಜೋಡಣೆ 1970ರ ದಶಕದ ಕೊನೆಗೆ ಬರುತ್ತಿದೆ, ಅದು ಸುಮಾರು 175 ವರ್ಷಗಳಿಗೊಮ್ಮೆ ಮಾತ್ರ ಒದಗುವಂಥದ್ದು ಎಂದು ಕಂಡುಕೊಂಡರು. ಆ ಅವಕಾಶವನ್ನು ಹಿಡಿದ ವಾಯೇಜರ್-2 ಹೋಮನ್ ಪಥದಲ್ಲಾದರೆ 30 ವರ್ಷ ಹಿಡಿಯುತ್ತಿದ್ದ ನೆಪ್ಚೂನನ್ನು 12 ವರ್ಷಗಳಲ್ಲಿ ತಲಪಿತು.

ಗುರಿಯ ನಿಖರತೆಯ ಬಗ್ಗೆ ಒಂದು ಲೆಕ್ಕ ಸಾಕು. ನಮ್ಮ ನೌಕೆ ಗುರುವಿನ ಬಳಿ 7,15,000 ಕಿ.ಮೀ. ಬದಲು 7,16,000 ಕಿ.ಮೀ. ದೂರದಲ್ಲಿ ಹಾದರೆ ತಿರುವು 0.04 ಡಿಗ್ರಿಯಷ್ಟು ಕಡಿಮೆಯಾಗುತ್ತದೆ. ಅದರಿಂದ ಹೊರಡುವ ವೇಗದಲ್ಲಿ ಸೆಕೆಂಡಿಗೆ ಸುಮಾರು 4 ಮೀಟರ್ ವ್ಯತ್ಯಾಸ. ಎರಡು ವರ್ಷ ಕಳೆಯುವಷ್ಟರಲ್ಲಿ ನೌಕೆ ಗುರಿಯಿಂದ ಸುಮಾರು ಎರಡೂವರೆ ಲಕ್ಷ ಕಿ.ಮೀ. ಸರಿದಿರುತ್ತದೆ. ಹೀಗಾಗಿ ಗ್ರಹವನ್ನು ಹಾಯುವ ಮೊದಲು ಮತ್ತು ಹಾದ ನಂತರ ಸಣ್ಣ ಎಂಜಿನ್‌ಗಳಿಂದ ದಾರಿ ತಿದ್ದುವ ಕೆಲಸ ಕಡ್ಡಾಯ. ಇಂಧನವೇ ಬೇಡ ಎಂದು ಬರೆಯುವ ಲೇಖನಗಳು ಇದನ್ನು ಮರೆಯುತ್ತವೆ.

ಹಂತ 10: ನಿಜವಾದ ಅಂಕಿಗಳೊಡನೆ ಹೋಲಿಸಿ

ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ಹೊರೈಜನ್ಸ್ ಎಂಬ ಉಚಿತ ಸೇವೆಯನ್ನು ನಡೆಸುತ್ತದೆ. ಅಲ್ಲಿ ವೆಕ್ಟರ್ ಟೇಬಲ್ ಎಂಬ ಬಗೆಯನ್ನು ಆರಿಸಿ, ಗುರಿಯಾಗಿ ವಾಯೇಜರ್-2 ನೌಕೆಯ ಸಂಖ್ಯೆ -32 ಕೊಡಿ. ಕೇಂದ್ರವಾಗಿ ಮೊದಲು ಸೂರ್ಯನನ್ನು, ಅಂದರೆ 500@10 ಎಂದು, ಕೊಡಿ. ದಿನಾಂಕವನ್ನು 1979ರ ಜೂನ್ ಆರಂಭದಿಂದ ಆಗಸ್ಟ್ ಕೊನೆಯವರೆಗೆ, ದಿನಕ್ಕೊಂದರಂತೆ ಇಡಿ. ಏಕಮಾನ ಕಿಲೋಮೀಟರ್ ಮತ್ತು ಸೆಕೆಂಡ್ ಇರಲಿ. ಸಿಗುವ ಮೂರು ವೇಗ ಘಟಕಗಳನ್ನು ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ ಆ ದಿನದ ಜವ. ಸೆಕೆಂಡಿಗೆ ಸುಮಾರು 10 ಕಿ.ಮೀ. ಇದ್ದದ್ದು ಜುಲೈ 9ರಂದು ಗುರುವನ್ನು ಹಾದ ಬಳಿಕ 20ನ್ನು ದಾಟಿರುವುದು ಕಾಣುತ್ತದೆ.

ಅನಂತರ ಕೇಂದ್ರವನ್ನು ಗುರುವಿಗೆ, 500@599 ಎಂದು, ಬದಲಿಸಿ ಅದೇ ದಿನಗಳನ್ನು ಮತ್ತೆ ಕೇಳಿ. ಜುಲೈ 9ಕ್ಕೆ ಇಪ್ಪತ್ತು ದಿನ ಮೊದಲಿನ ಜವ ಮತ್ತು ಇಪ್ಪತ್ತು ದಿನ ನಂತರದ ಜವ ಹೆಚ್ಚುಕಡಿಮೆ ಒಂದೇ ಇರುತ್ತದೆ. ಒಂದೇ ನೌಕೆ, ಒಂದೇ ದಿನ, ಎರಡು ಚೌಕಟ್ಟು.

ಕೊನೆಯದಾಗಿ ದಿನಾಂಕವನ್ನು 1989ರ ಆಗಸ್ಟ್‌ಗೆ ಒಯ್ದು, ಸೂರ್ಯನನ್ನೇ ಕೇಂದ್ರವಾಗಿಟ್ಟು ನೆಪ್ಚೂನ್ ಭೇಟಿಯ ಮುಂಚಿನ ಮತ್ತು ನಂತರದ ಜವವನ್ನು ನೋಡಿ. ಆಗಸ್ಟ್ 25ರಂದು ನೆಪ್ಚೂನನ್ನು ಹಾದ ಮೇಲೆ ವಾಯೇಜರ್-2ರ ಜವ ಹೆಚ್ಚುವ ಬದಲು ಇಳಿದಿರುತ್ತದೆ. ಟ್ರೈಟನ್ ಎಂಬ ಉಪಗ್ರಹವನ್ನು ಹತ್ತಿರದಿಂದ ನೋಡಬೇಕೆಂದು ನೌಕೆಯನ್ನು ನೆಪ್ಚೂನಿನ ಉತ್ತರ ಧ್ರುವದ ಮೇಲಿನಿಂದ ಹಾಯಿಸಿದ್ದರು. ಮುಂದೆ ಹೋಗಬೇಕಾದ ಗ್ರಹ ಯಾವುದೂ ಉಳಿದಿರಲಿಲ್ಲವಾದ್ದರಿಂದ ಜವ ಇಳಿದರೂ ಚಿಂತೆಯಿರಲಿಲ್ಲ. ಆ ಭೇಟಿಯ ವೃತ್ತವನ್ನು ಬಿಡಿಸುವಾಗ 'ನೌ' ಮತ್ತು 'ಹೊ' ಬಿಂದುಗಳಲ್ಲಿ ಯಾವುದು 'ಸೂ'ವಿಗೆ ಹತ್ತಿರ ಬರಬೇಕು ಎಂಬುದನ್ನು ಸ್ಕೇಲು ಹಿಡಿಯುವ ಮೊದಲೇ ಹೇಳಿ ನೋಡಿ.